ಮಾಂಡಲಿಕನ ಎರಡನೆಯ ಮಡಕೆ

ಆ ಊರಿಗೂ ಒಂದು ಹೆಸರು ಇದ್ದಿರಬೇಕು. ಆದರೆ ಊರಿನ ಹೆಸರು ಬೇಕಾಗುವುದು ಊರು ಬಿಟ್ಟು ಹೋದವರಿಗೆ, ಇಲ್ಲವೇ ಊರನ್ನು ಹುಡುಕಿಕೊಂಡು ಬರುವವರಿಗೆ. ಅಲ್ಲಿಂದ ಹೋಗುವವರು ಕಡಿಮೆ, ಬರುವವರು ಅದಕ್ಕಿಂತ ಕಡಿಮೆ. ಹೀಗಾಗಿ ಹೆಸರು ಬಳಕೆ ತಪ್ಪಿಹೋಗಿತ್ತು. ಊರು ಒಂದು ದೊಡ್ಡ ಬಂಡೆಯ ಮೇಲಿತ್ತು. ಬಂಡೆಯ ಸುತ್ತ ಹೊಳೆ. ಹೊಳೆ ಎಂದರೆ ಕಾಲು ತೊಳೆದು ದಾಟುವ ಹೊಳೆಯಲ್ಲ, ಆಳದ ಕೊರಕಲಿನಲ್ಲಿ ಬಿಡುವಿಲ್ಲದೆ ಗುಡುಗುವ ಹೊಳೆ. ಅದರಲ್ಲಿ ದೋಣಿ ನಿಲ್ಲದು, ಹರಿಗೋಲು ನಿಲ್ಲದು. ಈ ದಡದಲ್ಲಿ ನಿಂತು ಕೂಗಿದ್ದು ಆ ದಡಕ್ಕೆ ಕೇಳದು. ಬಂಡೆಯ ಮೇಲೆ ಹೊಲವಿತ್ತು, ಬಾವಿಯಿತ್ತು, ಕೋಟೆಯಿತ್ತು, ಕೋಟೆಯೊಳಗೆ ಒಂದು ಗದ್ದುಗೆಯಿತ್ತು. ಆಚೆ ದಡಕ್ಕೆ ಹೋಗಲು ಇದ್ದುದು ಒಂದೇ ಒಂದು ಮರದ ಸೇತುವೆ.

ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಮುಂದೆ ನಡೆದದ್ದೆಲ್ಲ ಆ ಕಟ್ಟಳೆಯಿಂದಲೇ ನಡೆದದ್ದು, ಆದ್ದರಿಂದ ಅದನ್ನು ಮೊದಲೇ ಬಿಡಿಸಿ ಹೇಳಿಬಿಡಬೇಕು. ಗದ್ದುಗೆಯ ಮೇಲೆ ಕೂತವರು ಕೊಟ್ಟ ಅಪ್ಪಣೆಯನ್ನು ಅಲ್ಲಿ ಯಾರೂ ಆಗಲೇ ನಡೆಸುತ್ತಿರಲಿಲ್ಲ. ನಡೆಸುವುದೇ ಇಲ್ಲ ಎಂದಲ್ಲ, ಆಗಲೇ ನಡೆಸುತ್ತಿರಲಿಲ್ಲ, ಅಷ್ಟೆ. ಅಪ್ಪಣೆ ಬಾಯಿಂದ ಹೊರಡುವಷ್ಟರಲ್ಲಿ ಹಗೇವಿನ ಅಜ್ಜಿ ಹೊಸ ಮಡಕೆ ಹಿಡಿದು ಬರುತ್ತಿದ್ದಳು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಬೇರೆ ಊರುಗಳಲ್ಲಿ ಅದರೊಳಗೆ ಜೋಳ ತುಂಬಿಡುತ್ತಾರೆ, ಈ ಊರಿನಲ್ಲಿ ಮಾತು ತುಂಬಿಡುತ್ತಿದ್ದರು. ಒಡೆಯ ಮಡಕೆಯ ಬಾಯಿಗೆ ಬಾಯಿಟ್ಟು ಹೇಳಬೇಕು. ಸಿಟ್ಟಿನಲ್ಲಿ ಗಾಳಿಗೆ ಕೂಗಿದರೂ ಅಡ್ಡಿಯಿಲ್ಲ, ಅಜ್ಜಿ ಮಡಕೆಯನ್ನು ಎತ್ತಿ ಆ ಕೂಗನ್ನು ಹಿಡಿಯುತ್ತಿದ್ದಳು. ಆಮೇಲೆ ಮುಚ್ಚಳ ಮುಚ್ಚಿ, ಅಂಚಿಗೆ ಜೇಡಿಮಣ್ಣು ಮೆತ್ತಿ, ಹಗೇವಿನೊಳಗೆ ಸಾಲಾಗಿ ಇಡುತ್ತಿದ್ದಳು.

ಒಡೆಯ ಇಲ್ಲವಾದ ಮೇಲೆ ಊರೆಲ್ಲ ಸೇರಿ ಅವನ ಮೊದಲ ಮಡಕೆಯನ್ನು ತೆಗೆಯುತ್ತಿದ್ದರು. ಅವನ ದನಿ ಹೊರಬರುತ್ತಿತ್ತು, ಬದುಕಿದ್ದಾಗ ಇದ್ದುದಕ್ಕಿಂತ ದೊಡ್ಡದಾಗಿ. ಆ ದನಿಗೆ ಯಾರು ಓಗೊಡುತ್ತಾರೋ ಅವರೇ ಮುಂದಿನ ಒಡೆಯ. ಬಳಿಕ ಊರಿಗೆ ಊರೇ ಎದ್ದು ಆ ಹಳೆಯ ಅಪ್ಪಣೆಯನ್ನು ಚಾಚೂ ತಪ್ಪದೆ ನಡೆಸುತ್ತಿತ್ತು. ಒಂದು ಮುಗಿದ ಮೇಲೆ ಇನ್ನೊಂದು ಮಡಕೆ, ಇಟ್ಟ ಸಾಲಿನಲ್ಲೇ. ಮುಗಿಯದಿದ್ದರೆ ಇನ್ನೊಂದು ಇಲ್ಲ.

ಯಾಕೆ ಹೀಗೆ ಎಂದು ಕೇಳಿದರೆ ಊರಿನವರು ನಗುತ್ತಿದ್ದರು. "ಹೊಸ ಅಕ್ಕಿ ಹೊಟ್ಟೆಗೆ ಆಗುತ್ತದೆಯೇ? ಹೊಸ ಮಾತೂ ಹಾಗೆಯೇ. ಮಾಗಬೇಕು."

ಇದೊಂದೂ ತಿಳಿಯದೆ ಆ ಊರಿಗೆ ಬಂದವನು ಮಾಂಡಲಿಕ. ದೂರದ ಚಕ್ರವರ್ತಿಯೊಬ್ಬನಿಗಾಗಿ ಕಾದಾಡಿ, ಮಂಡಲವೊಂದನ್ನು ಗೆದ್ದುಕೋ ಎಂಬ ಮಾತನ್ನು ಪಡೆದು ಬಂದವನು. ಊರಿನ ಹಳೆಯ ಒಡೆಯ ಅವನನ್ನು ತೋಳ ಎಂದು ಕರೆಯುತ್ತಿದ್ದ. ತೋಳ ಬರುತ್ತಿದ್ದಾನೆ, ಸೇತುವೆ ಕಿತ್ತುಹಾಕಿ ಎಂದು ಆ ಒಡೆಯ ಗದ್ದುಗೆ ಏರಿದ ದಿನವೇ, ತನ್ನ ಮೊದಲ ಅಪ್ಪಣೆಯಾಗಿ, ಗಂಟಲು ಹರಿಯುವಂತೆ ಕೂಗಿದ್ದ. ಊರಿನವರು ತಲೆಬಾಗಿ ಕೇಳಿದರು, ಅಜ್ಜಿ ಮಡಕೆ ಹಿಡಿದಳು, ಸೇತುವೆ ಇದ್ದಲ್ಲೇ ಇತ್ತು. ಮಾಂಡಲಿಕ ಅದರ ಮೇಲೇ ದಾಟಿ ಬಂದು, ಅದರ ಮೇಲೇ ಹಳೆಯ ಒಡೆಯನನ್ನು ಕೊಂದು, ಊರೊಳಗೆ ಕಾಲಿಟ್ಟ. ಅವನ ಹೆಂಡತಿ ಗಾಯಗೊಂಡ ಸೈನಿಕರ ಆರೈಕೆಗೆಂದು ಆ ದಡದಲ್ಲಿ ಉಳಿದಳು. ಮರುದಿನ ಬರುವುದೆಂದು ಮಾತಾಗಿತ್ತು. ಪುಟ್ಟ ಮಗಳು ಮಾತ್ರ ಅಪ್ಪನ ಕುದುರೆಯಿಂದ ಇಳಿಯಲಾರೆ ಎಂದು ಹಟ ಹಿಡಿದಿದ್ದಳು. ಹಟ ಹಿಡಿದದ್ದರಿಂದ ಅವಳು ಈ ದಡದವಳಾದಳು.

ಆ ಮರುದಿನವನ್ನು ಮಗಳು ಎಂದೂ ಮರೆಯಲಿಲ್ಲ. ಬೆಳಗಿನ ಬಿಸಿಲಿನಲ್ಲಿ ಊರೆಲ್ಲ ಗದ್ದುಗೆಯ ಮುಂದೆ ನೆರೆದಿತ್ತು. ಅಜ್ಜಿ ಮಡಕೆಯ ಮುಚ್ಚಳ ತೆಗೆದಳು. ನಿನ್ನೆ ಸತ್ತವನ ದನಿ ಎದ್ದು ನಿಂತಿತು: "ಸೇತುವೆ ಕಿತ್ತುಹಾಕಿ! ಆ ತೋಳ ದಾಟಿ ಬರಕೂಡದು! ಎಲ್ಲಿದ್ದಾನೆ ಅವನು?"

ಮಾಂಡಲಿಕನ ಕೈ ಕತ್ತಿಗೆ ಹೋಯಿತು. "ಇಲ್ಲೇ ಇದ್ದೇನೆ ಕಣೋ, ಬಾ!" ಎಂದು ಅವನು ಗರ್ಜಿಸಿದ.

"ಓಗೊಟ್ಟ!" ಎಂದಿತು ಊರು ಸಂತೋಷದಿಂದ. ಅವನನ್ನು ಎತ್ತಿ ಗದ್ದುಗೆಯ ಮೇಲೆ ಕೂರಿಸಿದರು. ಕೂರಿಸಿ, ಗುದ್ದಲಿ ಹಾರೆಗಳನ್ನು ಹೊತ್ತು, ಹಾಡು ಹೇಳಿಕೊಳ್ಳುತ್ತ ಸೇತುವೆ ಕೀಳಲು ಹೋದರು.

ತೊಲೆಗಳು ಒಂದೊಂದಾಗಿ ಹೊಳೆಗೆ ಬಿದ್ದವು. ಮಾಂಡಲಿಕ ಓಡಿಹೋಗಿ ನೋಡಿದಾಗ ಅರ್ಧ ಸೇತುವೆ ಆಗಲೇ ಇರಲಿಲ್ಲ. ಆ ದಡದಲ್ಲಿ ಅವನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತು ನೋಡುತ್ತಿದ್ದಳು. ಅವಳಿಂದ ಕೂಗಳತೆ ದೂರದಲ್ಲಿ ಹಳೆಯ ಒಡೆಯನ ಅಳಿದುಳಿದ ಸವಾರರು ಗುಂಪುಗೂಡುತ್ತಿದ್ದರು. ಮಾಂಡಲಿಕ ಅಲ್ಲೇ ನಿಂತು ಮೂರು ಅಪ್ಪಣೆ ಕೊಟ್ಟ. ಮೊದಲನೆಯದು: ಸೇತುವೆ ಮತ್ತೆ ಕಟ್ಟಿ. ಎರಡನೆಯದು, ಕಟ್ಟಿದ ಕೂಡಲೇ ಆ ಸವಾರರು ನುಗ್ಗಿಯಾರು ಎಂಬ ಭಯದಿಂದ ಕೊಟ್ಟದ್ದು: ಆ ದಡದಿಂದ ಯಾರೇ ಕಾಲಿಡಲಿ, ಬಾಣ ಬಿಡಿ. ಮೂರನೆಯದು, ಎರಡನೆಯದನ್ನು ಹೇಳಿ ನಾಲಗೆ ಕಚ್ಚಿಕೊಂಡು ಕೊಟ್ಟದ್ದು: ನನ್ನ ಹೆಂಡತಿಯನ್ನು ಮಾತ್ರ ಒಳಗೆ ಬಿಡಿ.

ಯಾರೂ ಕದಲಲಿಲ್ಲ. ಅಜ್ಜಿ ಮಾತ್ರ ಮೂರು ಮಡಕೆಗಳ ಮುಚ್ಚಳಗಳನ್ನು ಒಂದರ ಹಿಂದೊಂದು ಮುಚ್ಚಿದಳು.

"ಏನು ಮಾಡುತ್ತಿದ್ದೀಯ ಮುದುಕಿ?"

"ಮೆತ್ತುತ್ತಿದ್ದೇನೆ ಒಡೆಯಾ. ಒಳ್ಳೆಯ ಮಾತುಗಳು. ಚೆನ್ನಾಗಿ ಮಾಗುತ್ತವೆ."

"ಮಾಗುವುದು ಯಾವಾಗ?"

"ನೀವು ಹೋದ ಮೇಲೆ, ನನ್ನಪ್ಪಾ."

"ಎಲ್ಲಿಗೆ ಹೋದ ಮೇಲೆ?"

ಅಜ್ಜಿ ಪ್ರೀತಿಯಿಂದ ನಕ್ಕು ಆಕಾಶ ತೋರಿಸಿದಳು.

ಮಾಂಡಲಿಕ ತನ್ನ ದಳವಾಯಿಯ ಕಡೆ ತಿರುಗಿದ. ದಳವಾಯಿ ಎಂದರೆ ಅವನ ಸೈನ್ಯವನ್ನು ನಡೆಸುವವನು, ಎಷ್ಟೋ ಕಾಳಗಗಳಲ್ಲಿ ಅವನ ಬೆನ್ನಿಗೆ ಬೆನ್ನು ಕೊಟ್ಟು ನಿಂತವನು. ಆದರೆ ದಳವಾಯಿಯೂ ಸೈನಿಕರೂ ಆ ಬೆಳಿಗ್ಗೆ ಊರಿನ ಬಾವಿಯ ನೀರು ಕುಡಿದಿದ್ದರು. ಆ ನೀರು ಕುಡಿದವರು ಊರಿನವರೇ. ದಳವಾಯಿ ಕೆನ್ನೆ ಕೆರೆದುಕೊಂಡು, "ಮಾಗಲಿ ಬಿಡಿ ಒಡೆಯರೇ, ಅವಸರವೇನು?" ಎಂದ.

ಆ ದಿನದಿಂದ ಮಗಳು ಬೆಳೆದದ್ದೆಲ್ಲ ಅಪ್ಪನ ಕೂಗಿನ ನಡುವೆ. ಸವಾರರು ಕೆಲವು ದಿನ ನಿಂತು, ಸೇತುವೆಯಿಲ್ಲದ್ದನ್ನು ಕಂಡು, ಬೇಸತ್ತು ಚದುರಿದರು. ಅವ್ವ ಮಾತ್ರ ಆ ದಡದಲ್ಲೇ ಮನೆ ಕಟ್ಟಿಕೊಂಡಳು. ಬೆಳಿಗ್ಗೆ ಎದ್ದು ಅವಳು ದಡಕ್ಕೆ ಬಂದು ನಿಲ್ಲುವುದು, ಈ ಕಡೆ ಮಗಳು ನಿಲ್ಲುವುದು. ಇವಳು ಸೆರಗು ಬೀಸಿದರೆ ಅವಳು ಸೆರಗು ಬೀಸುವುದು. ಮಾತು ಅಷ್ಟೆ. ಮಗಳಿಗೆ ಹಲ್ಲು ಬಿದ್ದದ್ದನ್ನೂ, ಹೊಸ ಹಲ್ಲು ಬಂದದ್ದನ್ನೂ ಅವ್ವ ಕಾಣಲಿಲ್ಲ, ಏಕೆಂದರೆ ಅಷ್ಟು ದೂರದಿಂದ ಹಲ್ಲು ಕಾಣುವುದಿಲ್ಲ.

ಊರು ಹಳೆಯ ಒಡೆಯನ ಮಡಕೆಗಳನ್ನು ತೆಗೆಯುತ್ತಲೇ ಇತ್ತು. ಗದ್ದುಗೆಯ ಮೇಲೆ ಕೂತು ಸತ್ತ ಶತ್ರುವಿನ ಮಾತು ಕೇಳುವುದೇ ಮಾಂಡಲಿಕನ ದಿನಚರಿಯಾಯಿತು. ಒಂದು ಮಡಕೆ, "ಆ ತೋಳನ ತಲೆಯನ್ನು ಗದ್ದುಗೆಯ ಮುಂದೆ ತನ್ನಿ" ಎಂದಿತು. ಮಗಳು ಅಪ್ಪನ ಕಾಲು ತಬ್ಬಿಕೊಂಡಳು. ಊರಿನವರು ಗಹನವಾಗಿ ಯೋಚಿಸಿದರು. "ತಲೆಯೇನೋ ಬಂದಿದೆ. ಗದ್ದುಗೆಯ ಮುಂದೆ ಇರಬೇಕಾದದ್ದು ಗದ್ದುಗೆಯ ಮೇಲೆಯೇ ಇದೆ" ಎಂದು ಒಬ್ಬ ಹಿರಿಯ ಹೇಳಿದ. ಮಾಂಡಲಿಕನನ್ನು ಕೆಳಗಿಳಿಸಿ, ಒಂದು ಗಳಿಗೆ ಗದ್ದುಗೆಯ ಮುಂದೆ ನಿಲ್ಲಿಸಿ, ಅಪ್ಪಣೆ ಮುಗಿಯಿತೆಂದು ಮತ್ತೆ ಮೇಲೆ ಕೂರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂದು ಮಾಂಡಲಿಕ ಊಟ ಮಾಡಲಿಲ್ಲ.

ಕೈ ಕಟ್ಟಿ ಕೂತವನಲ್ಲ ಅವನು. ತಾನೇ ಕಲ್ಲು ಹೊತ್ತು ಹೋಗಿ ಕೊರಕಲಿಗೆ ಹಾಕಿದ. ಯಾರೂ ತಡೆಯಲಿಲ್ಲ, ಯಾರೂ ಕೈ ಜೋಡಿಸಲಿಲ್ಲ. ಹೊಳೆ ಕಲ್ಲನ್ನು ನುಂಗಿತು, ಸದ್ದೂ ಕೊಡಲಿಲ್ಲ. ಒಬ್ಬನೇ ಹೊತ್ತ ಕಲ್ಲಿನಿಂದ ಸೇತುವೆಯಾಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೂ ಹೊತ್ತ. ಹೊತ್ತು ಹೊತ್ತು ಒಂದು ದಿನ ಹೆಗಲು ಜಾರಿತು.

"ನಾನು ಗದ್ದುಗೆ ಇಳಿಯುತ್ತೇನೆ" ಎಂದು ಅವನು ಕೂಗಿದ. "ನನಗೆ ಬೇಡ ಇದು. ಬೇರೆ ಯಾರನ್ನಾದರೂ ಕೂರಿಸಿ."

ಅಜ್ಜಿ ಮಡಕೆ ಹಿಡಿದಳು.

"ಇದಕ್ಕೂ ಮಡಕೆಯೇ?"

"ಬೇರೆಯವರನ್ನು ಕೂರಿಸಿ ಎಂದಿರಲ್ಲ. ಅದು ಅಪ್ಪಣೆಯೇ ತಾನೆ? ಇಳಿಯುವುದಕ್ಕೆ ಇರುವುದು ಎರಡು ದಾರಿ ಒಡೆಯಾ. ಒಂದು, ಸಾಯುವುದು. ಇನ್ನೊಂದು, ನಡೆದು ಆ ದಡ ಸೇರುವುದು. ಆ ದಡ ಸೇರಿದವರು ನಮ್ಮ ಪಾಲಿಗೆ ಸತ್ತ ಹಾಗೆಯೇ."

"ಸೇತುವೆಯಿಲ್ಲದೆ ಆ ದಡ ಸೇರುವುದು ಹೇಗೆ?"

"ಅದು ನಿಮ್ಮ ಮೊದಲ ಮಡಕೆಯಲ್ಲಿದೆಯಲ್ಲ" ಎಂದಳು ಅಜ್ಜಿ, ಸಮಾಧಾನ ಹೇಳುವವಳಂತೆ.

ಮಾಂಡಲಿಕ ಅಪ್ಪಣೆ ಕೊಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಒಬ್ಬ ಮನುಷ್ಯನ ಮಾತು ಇಷ್ಟು ದಿನ ಯಾರಿಗೂ ತಾಗದೆ ಉಳಿದರೆ ಆ ಮಾತು ಹೆಚ್ಚುತ್ತಲೇ ಹೋಗುತ್ತದೆ. ಅವನು ಬೆಳಿಗ್ಗೆ ಹೇಳಿದ, ಮಧ್ಯಾಹ್ನ ಹೇಳಿದ, ಉಣ್ಣುತ್ತ ಹೇಳಿದ. ಸೇತುವೆಗೆ ಯಾವ ಮರ, ಎಷ್ಟು ದಪ್ಪದ ತೊಲೆ, ಯಾವ ಕಡೆಯಿಂದ ಮೊದಲ ಗೂಟ. ಅಜ್ಜಿಯೊಬ್ಬಳ ಕೈ ಸಾಲದೆ, ಮಗಳೇ ಜೇಡಿಮಣ್ಣು ನಾದಲು ಕೂತಳು. ಅಪ್ಪನ ಬಾಯಿಂದ ಬಿದ್ದ ಮಾತು ಆರುವ ಮುಂಚೆ ಅವಳು ಮುಚ್ಚಳದ ಅಂಚಿಗೆ ಮಣ್ಣು ಮೆತ್ತುತ್ತಿದ್ದಳು. ಅವಳ ಉಗುರಿನ ಸಂದಿಯಲ್ಲಿ ಯಾವಾಗಲೂ ಮಣ್ಣು.

"ಇದನ್ನೆಲ್ಲ ಯಾರು ಕೇಳುತ್ತಾರೆ ಅಪ್ಪಾ?" ಎಂದು ಅವಳು ಒಮ್ಮೆ ಕೇಳಿದಳು.

"ನೀನು. ಪರರು ಕೂತರೆ ನನ್ನ ದನಿ ಕೇಳಿ ನಗುತ್ತಾರೆ, ನಾನು ಆ ಹಳೆಯ ಒಡೆಯನ ದನಿ ಕೇಳಿ ನಕ್ಕ ಹಾಗೆ. ನನ್ನ ಮಾತಿಗೆ ನನ್ನ ರಕ್ತವೇ ಕೂರಬೇಕು. ವಂಶ ಎಂದರೆ ಅದೇ ಮಗಾ. ಬದುಕಿದ್ದಾಗ ನಡೆಯದ ಮಾತು ನಡೆಯಲಿ ಎಂದು ಮಕ್ಕಳನ್ನು ಕೂರಿಸುವುದು."

"ಆಮೇಲೆ ನನ್ನ ಮಾತು?"

ಮಾಂಡಲಿಕನಿಗೆ ಸಿಟ್ಟು ಬಂದು ಅವನು ಇನ್ನೊಂದು ಮಡಕೆ ತರಿಸಿದ.

ಹೀಗಿರುವಾಗ ಹಳೆಯ ಒಡೆಯನ ಒಂದು ಮಡಕೆ ಊರನ್ನೇ ತಡೆದು ನಿಲ್ಲಿಸಿತು. "ನನ್ನ ಕಳೆದುಹೋದ ಗಿಡುಗನನ್ನು ಹುಡುಕಿ ತನ್ನಿ" ಎಂದಿತು ಆ ಮಡಕೆ. ಗಿಡುಗ ಎಂದೋ ಸತ್ತು ಅದರ ಗರಿಯೂ ಮಣ್ಣಾಗಿದ್ದಿರಬೇಕು. ಆದರೆ ಅಪ್ಪಣೆ ಅಪ್ಪಣೆಯೇ. ಗಂಡಸರು ಹೆಂಗಸರೆನ್ನದೆ ಎಲ್ಲರೂ ಕತ್ತೆತ್ತಿ ಆಕಾಶ ನೋಡುತ್ತ ನಡೆಯತೊಡಗಿದರು. ಎಡವಿದರು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು, ಮತ್ತೆ ನೋಡಿದರು. ಮಳೆಗಾಲ ಬಂತು, ಹೋಯಿತು. ಗಿಡುಗ ಸಿಗಲಿಲ್ಲ. ಸಿಗದ್ದರಿಂದ ಮುಂದಿನ ಮಡಕೆ ತೆಗೆಯಲಿಲ್ಲ.

ಗದ್ದುಗೆಯ ಮೇಲಿಂದ ಇದನ್ನು ನೋಡುತ್ತಿದ್ದ ಮಾಂಡಲಿಕ ಒಂದು ಮಧ್ಯಾಹ್ನ ತಟ್ಟನೆ ಎದ್ದು ನಿಂತ.

"ಮಗಾ, ನನ್ನ ಎರಡನೆಯ ಮಡಕೆ."

ಮಗಳಿಗೆ ಕೂಡಲೇ ತಿಳಿಯಿತು. ಆ ದಡದಿಂದ ಯಾರೇ ಕಾಲಿಡಲಿ, ಬಾಣ ಬಿಡಿ. ಈ ಅಪ್ಪಣೆ ಮುಗಿಯುವುದು ಯಾವಾಗ? ಯಾರಾದರೂ ಕಾಲಿಟ್ಟು ಬಾಣಕ್ಕೆ ಬಿದ್ದಾಗ. ಅಲ್ಲಿಯವರೆಗೆ ಮೂರನೆಯ ಮಡಕೆ ತೆಗೆಯುವಂತಿಲ್ಲ. ಅವ್ವನನ್ನು ಒಳಗೆ ಬಿಡಿ ಎಂಬ ಮಾತು ಇರುವುದು ಮೂರನೆಯದರಲ್ಲಿ.

"ಮಡಕೆಯನ್ನು ಒಡೆದುಹಾಕುತ್ತೇನೆ" ಎಂದು ಮಾಂಡಲಿಕ ಹಗೇವಿನ ಕಡೆ ನುಗ್ಗಿದ.

"ಒಡೆದರೆ ಮಾತು ಹಸಿಯಾಗಿಯೇ ಹೊರಬೀಳುತ್ತದೆ ಒಡೆಯಾ" ಎಂದಳು ಅಜ್ಜಿ. "ಹಸಿ ಮಾತಿಗೆ ಕೊನೆಯೆಂಬುದಿಲ್ಲ. ಅದನ್ನು ಎಂದೆಂದಿಗೂ ನಡೆಸಬೇಕಾಗುತ್ತದೆ."

ಅವನು ಹಗೇವಿನ ಬಾಯಲ್ಲೇ ಕುಸಿದು ಕೂತ. ಆ ಮೇಲೆ ಅವನು ಹೆಚ್ಚು ಮಾತಾಡಲಿಲ್ಲ. ಒಂದು ದಿನ ಊರೆಲ್ಲ ಗಿಡುಗ ಹುಡುಕುತ್ತಿದ್ದಾಗ, ಗದ್ದುಗೆಯ ಮೇಲೆ ಕೂತಲ್ಲೇ ಅವನು ತೀರಿಕೊಂಡ. ಆಕಾಶ ನೋಡುತ್ತಿದ್ದುದರಿಂದ ಯಾರೂ ಗಮನಿಸಲಿಲ್ಲ. ಕಂಡವಳು ಮಗಳು.

ಒಡೆಯ ಇಲ್ಲವಾದರೆ ಅವನಿಗಿಂತ ಹಿಂದಿನವನ ಉಳಿದ ಮಡಕೆಗಳನ್ನು ಹೊಳೆಗೆ ಬಿಡುವುದು ವಾಡಿಕೆ. ಹಳೆಯ ಒಡೆಯನ ಮಡಕೆಗಳು ಹೊಳೆ ಸೇರಿದವು. ಊರಿನವರು ಕತ್ತು ಇಳಿಸಿ ನಿಟ್ಟುಸಿರು ಬಿಟ್ಟರು. ಬಳಿಕ ಮಾಂಡಲಿಕನ ಮೊದಲ ಮಡಕೆ ತೆಗೆಯಲು ಎಲ್ಲರೂ ಸೇರಿದರು.

ಮಗಳು ಒಂದು ನಿಶ್ಚಯ ಮಾಡಿದ್ದಳು. ತಾನು ಓಗೊಡುವುದಿಲ್ಲ. ದಳವಾಯಿ ಓಗೊಡಲಿ, ಅವನೇ ಕೂರಲಿ. ಅಪ್ಪನ ದನಿಯನ್ನು ಅವನು ಗೌರವದಿಂದ ಕೇಳುತ್ತಾನೆ. ಸೇತುವೆಯಾದ ದಿನ ತಾನು ಯಾರೂ ಅಲ್ಲದವಳಾಗಿ ಅದರ ಮೇಲೆ ನಡೆದು ಅವ್ವನ ಹತ್ತಿರ ಹೋಗಿಬಿಡಬಹುದು. ಅವಳು ತುಟಿಗಳನ್ನು ಹಲ್ಲಿನಿಂದ ಕಚ್ಚಿ ಹಿಡಿದಳು.

ಅಜ್ಜಿ ಮುಚ್ಚಳ ತೆಗೆದಳು. ಮಾಂಡಲಿಕನ ದನಿ, ಅವನು ಪ್ರಾಯದಲ್ಲಿದ್ದಾಗಿನ ದನಿ, ಅಂಗಳ ತುಂಬಿತು. "ಸೇತುವೆ ಮತ್ತೆ ಕಟ್ಟಿ! ಈಗಲೇ ಕಟ್ಟಿ!" ದಳವಾಯಿ ಓಗೊಡಲು ಗಂಟಲು ಸರಿ ಮಾಡಿಕೊಂಡ. ಆದರೆ ಮಡಕೆಯೊಳಗೆ ಇನ್ನೂ ಮಾತು ಉಳಿದಿತ್ತು. ಆ ದಿನ ತೊಲೆಗಳು ಬೀಳುವುದನ್ನು ಕಂಡು ಒಂದು ಮಗು ಅತ್ತಿತ್ತು, ಅವನು ಕೂಗುವುದನ್ನು ಬಿಟ್ಟು ಅದರ ಕಡೆ ತಿರುಗಿದ್ದ. ಅದನ್ನೂ ಮಡಕೆ ಹಿಡಿದಿತ್ತು. "ಅಳಬೇಡ ಮಗಾ" ಎಂದಿತು ದನಿ. "ಬಾ ಇಲ್ಲಿ."

"ಬಂದೆ ಅಪ್ಪಾ" ಎಂದಳು ಮಗಳು.

ಅವಳು ಹೇಳಬೇಕೆಂದು ಹೇಳಲಿಲ್ಲ. ಅಪ್ಪ ಕರೆದರೆ ಮಕ್ಕಳು ಹೀಗೆಯೇ ಅನ್ನುತ್ತಾರೆ, ಅದು ನಾಲಗೆಗೆ ತಾನಾಗಿ ಬರುತ್ತದೆ. ಆದರೆ ಊರು, "ಓಗೊಟ್ಟಳು!" ಎಂದು 'ಹೋ' ಎಂದಿತು. ಹೊಗಳುಭಟರು, ಅಪ್ಪನಾದ ಮೇಲೆ ಮಗಳು, ಇಗೋ ವಂಶ ಶುರುವಾಯಿತು ಎಂದು ಹಾಡು ಕಟ್ಟಿದರು. ಆ ಗದ್ದುಗೆಯ ಮೇಲೆ ಒಂದೇ ರಕ್ತದವರು ಒಬ್ಬರ ಹಿಂದೆ ಒಬ್ಬರು ಕೂತದ್ದು ಅದೇ ಮೊದಲು. ಮಗಳು ಗದ್ದುಗೆಯ ಮೇಲೆ ಮುಖ ಮುಚ್ಚಿಕೊಂಡು ಕೂತಳು.

ಸೇತುವೆ ಏಳತೊಡಗಿತು. ಅಪ್ಪ ಬೇಡಿದಾಗ ಒಂದು ಕಡ್ಡಿ ಎತ್ತದ ಊರು ಈಗ ನಾಮುಂದು ತಾಮುಂದು ಎಂದು ತೊಲೆ ಹೊತ್ತಿತು. ಅದನ್ನು ನೋಡಿದಾಗಲೆಲ್ಲ ಮಗಳಿಗೆ ಹೊಟ್ಟೆ ಉರಿಯುತ್ತಿತ್ತು. ಸಂತೋಷಪಡಬೇಕಾದ ಹೊತ್ತಿನಲ್ಲಿ ಹೊಟ್ಟೆ ಉರಿಯುವುದು ದೊಡ್ಡ ಸಂಕಟ. ಕೊನೆಯ ಹಲಗೆ ಬಿದ್ದ ದಿನ ಆ ದಡದಲ್ಲಿ ಅವ್ವ ನಿಂತಿದ್ದಳು. ಕೂದಲು ಬೆಳ್ಳಗಾಗಿತ್ತು. ಮಗಳು ತಡೆಯಲಾರದೆ, "ಅವ್ವಾ, ಬಾ!" ಎಂದು ಕಿರುಚಿದಳು. ಹೊಳೆಯ ಸದ್ದು ಅದನ್ನು ನುಂಗಿತು. ಪಕ್ಕದಲ್ಲಿ ಅಜ್ಜಿ ಮಡಕೆಗೆ ಮುಚ್ಚಳ ಮುಚ್ಚುತ್ತಿದ್ದಳು. ಅದು ಮಗಳ ಮೊದಲ ಮಡಕೆ. ಅವಳು ಇನ್ನೊಂದನ್ನು ತುಂಬಲಿಲ್ಲ.

ಆಗಲೇ ಎರಡನೆಯ ಮಡಕೆ ತೆಗೆದರು. ಬಿಲ್ಲುಗಾರರು ಗೋಡೆ ಹತ್ತಿ, ಬಾಣ ಹೂಡಿ, ಸೇತುವೆಗೆ ಗುರಿಯಿಟ್ಟು ನಿಂತರು. ಅವ್ವ ಹಲಗೆಯ ಮೇಲೆ ಕಾಲಿಡುವಷ್ಟರಲ್ಲಿ ಮಗಳು ಸೆರಗನ್ನು ಬಿಚ್ಚಿ ಹುಚ್ಚಿಯಂತೆ ಅಡ್ಡಡ್ಡ ಬೀಸಿದಳು. ಅವ್ವ ನಿಂತಳು. ಇಷ್ಟು ಕಾಲ ಕಾದವಳು, ಸೇತುವೆಯ ತುದಿಯ ಕಲ್ಲಿನ ಮೇಲೆ ಕೂತು ಮತ್ತೆ ಕಾಯತೊಡಗಿದಳು.

ಬಿಲ್ಲುಗಾರರು ಪಾಳಿಯ ಮೇಲೆ ಬದಲಾದರು. ಸೇತುವೆ ಖಾಲಿಯಾಗಿ ಬಿಸಿಲಿನಲ್ಲಿ ಬಿದ್ದಿತ್ತು. ಮಗಳು ಹುಲ್ಲಿನಿಂದ ಒಂದು ಬೊಂಬೆ ಮಾಡಿ ತಂದಳು. "ಇದನ್ನು ಆ ಕಡೆಗೆ ಎಸೆದು ಹಗ್ಗದಿಂದ ಈ ಕಡೆಗೆ ಎಳೆಯುತ್ತೇನೆ ಅಜ್ಜೀ. ಬಾಣ ಇದಕ್ಕೆ ಬೀಳಲಿ, ಅಪ್ಪಣೆ ಮುಗಿಯಲಿ."

"ಜೀವವಿಲ್ಲದ್ದು ಕಾಲಿಡುವುದಿಲ್ಲ ತಾಯೀ, ಅದನ್ನು ಯಾರಾದರೂ ತರುತ್ತಾರೆ" ಎಂದಳು ಅಜ್ಜಿ. "ಆಗ ಬಾಣ ತಂದವರಿಗೆ."

ದಳವಾಯಿ ಕೋಲೂರಿಕೊಂಡು ಬಂದ. ಅವನಿಗೂ ವಯಸ್ಸಾಗಿತ್ತು. "ನಾನು ಆ ದಡ ಮುಟ್ಟಿ ವಾಪಸು ಬರುತ್ತೇನೆ ತಾಯಿ. ಒಂದು ಬಾಣ ತಾನೆ? ಮೈಯಲ್ಲಿ ಆಗಲೇ ಬೇಕಾದಷ್ಟು ತೂತುಗಳಿವೆ. ನಿಮ್ಮಪ್ಪ ಹೇಳಿದಾಗ ಮಾಗಲಿ ಎಂದೆನಲ್ಲ, ಆ ಮಾತು ನನ್ನನ್ನು ಇನ್ನೂ ಸುಡುತ್ತಿದೆ."

ಬೇಡ ಎಂದರೆ ಆ ಬೇಡವೂ ಮಡಕೆಗೆ ಹೋಗುತ್ತದೆ. ಆದ್ದರಿಂದ ಮಗಳು ಮಾತಾಡದೆ ಅವನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನು ಅಳುತ್ತ ಕೂತುಬಿಡುವವರೆಗೂ ಬಿಡಲಿಲ್ಲ.

ಉಳಿದದ್ದು ಒಂದೇ ದಾರಿ. ಅದು ಅವಳಿಗೆ ಮೊದಲಿನಿಂದ ಗೊತ್ತಿತ್ತು, ಗೊತ್ತಿದ್ದುದರಿಂದಲೇ ಬೊಂಬೆ ಮಾಡುತ್ತ ಕಾಲ ಕಳೆದದ್ದು. ಅವಳೇ ನಡೆದು ಆ ದಡ ಸೇರಬೇಕು. ಈ ದಡದಿಂದ ಹೋಗುವವರಿಗೆ ಬಾಣವಿಲ್ಲ. ಅವಳು ಆ ಮಣ್ಣು ಮೆಟ್ಟಿದ ಗಳಿಗೆ ಊರಿನ ಪಾಲಿಗೆ ಅವಳು ಇಲ್ಲವಾದವಳು. ಆಗ ಅಪ್ಪನ ಉಳಿದ ಮಡಕೆಗಳೆಲ್ಲ ಹೊಳೆಗೆ. ಎರಡನೆಯದೂ ಹೊಳೆಗೆ, ಬಿಲ್ಲುಗಳು ಕೆಳಗೆ. ಆದರೆ ಮೂರನೆಯದೂ ಹೊಳೆಗೆ, ನಾಲ್ಕನೆಯದೂ. ಅಪ್ಪ ಒಂದು ಬದುಕನ್ನೆಲ್ಲ ಕೂಗಿ ತುಂಬಿಟ್ಟದ್ದು, ನೀನು ಕೇಳುತ್ತೀಯ ಎಂದು ಅವಳಿಗಾಗಿ ತುಂಬಿಟ್ಟದ್ದು, ಇನ್ನೊಂದು ಮಾತೂ ನಡೆಯದೆ, ಯಾರಿಗೂ ಕೇಳದೆ ಹೋಗುತ್ತದೆ. ಅವನ ದನಿಯೇ ಭೂಮಿಯ ಮೇಲೆ ಉಳಿಯುವುದಿಲ್ಲ.

ಅವಳು ಹಗೇವಿಗೆ ಇಳಿದು ಮಡಕೆಗಳ ಸಾಲಿನ ನಡುವೆ ಕೂತಳು. ಮುಚ್ಚಳಗಳ ಅಂಚಿನಲ್ಲಿ ಅವಳ ಬೆರಳುಗಳ ಗುರುತು, ಚಿಕ್ಕ ಬೆರಳಿನಿಂದ ದೊಡ್ಡ ಬೆರಳಿನವರೆಗೆ. "ಅಪ್ಪಾ, ನಿನ್ನ ಮೇಲೆ ನನಗೆ ತುಂಬ ಸಿಟ್ಟು" ಎಂದಳು. ಆಮೇಲೆ ಎದ್ದು ಬಂದು, ಯಾರಿಗೂ ಹೇಳದೆ, ಸೇತುವೆಯ ಮೇಲೆ ನಡೆದಳು. ಬಿಲ್ಲುಗಾರರು ಬಾಗಿ ನಮಸ್ಕರಿಸಿದರು.

ಆ ದಡದ ಮಣ್ಣಿನ ಮೇಲೆ ಅವಳ ಕಾಲು ಬಿದ್ದಾಗ ಅವ್ವ ಅವಳ ಗಲ್ಲ ಹಿಡಿದೆತ್ತಿ ಮೊದಲು ನೋಡಿದ್ದು ಹಲ್ಲನ್ನು.

"ಮುಂದಿನ ಎರಡು ಹಲ್ಲು ನಿಮ್ಮಪ್ಪನ ಹಾಗೆಯೇ ಉಬ್ಬಿದೆ" ಎಂದಳು. "ಅವರೆಲ್ಲಿ?"

ಮಗಳು ಹೇಳುವ ಮುಂಚೆ ಹಿಂದಿನಿಂದ ಸದ್ದು ಬಂತು. ಊರಿನವರು ಮಡಕೆಗಳನ್ನು ಹೊಳೆಗೆ ಬಿಡುತ್ತಿದ್ದರು. ಮಡಕೆಗಳು ಕೊರಕಲಿನ ಬಂಡೆಗೆ ಬಡಿದು ಒಡೆದವು. ನೆಲದ ಮೇಲೆ ಒಡೆದರೆ ಆ ಮಾತನ್ನು ನಡೆಸಬೇಕಿತ್ತು, ನೀರಿಗೆ ಬಿದ್ದ ಮಾತು ನೀರಿನದು. ಒಂದೊಂದು ಒಡೆದಾಗಲೂ ಮಾಂಡಲಿಕನ ದನಿಯ ಒಂದು ಚೂರು ಎದ್ದು, ಇನ್ನೊಂದು ಚೂರಿಗೆ ಸಿಕ್ಕಿಕೊಂಡು, ಹೊಳೆಯ ಗುಡುಗಿನಲ್ಲಿ ಬೆರೆತುಹೋಯಿತು. ತೊಲೆ, ಗೂಟ, ಕಟ್ಟಿ, ಬೇಗ, ಬಿಡಿ. ಒಂದು ಮಾತೂ ಇಡಿಯಾಗಿ ಕೇಳಲಿಲ್ಲ. ಅವ್ವ ಅಲ್ಲೇ ನಿಂತು ಕೊನೆಯ ಚೂರಿನವರೆಗೂ ಕೇಳಿದಳು. ಮತ್ತೆ ಅವರೆಲ್ಲಿ ಎಂದು ಕೇಳಲಿಲ್ಲ.

ಬಿಲ್ಲುಗಳು ಕೆಳಗಿಳಿದಿದ್ದವು. ಇಬ್ಬರೂ ಕೈ ಹಿಡಿದು ಸೇತುವೆಯ ಮೇಲೆ ಹೊರಟರು. ನಡುಸೇತುವೆಗೆ ಬರುವಷ್ಟರಲ್ಲಿ ಊರು ಮಗಳ ಒಂದೇ ಒಂದು ಮಡಕೆಯನ್ನು ತೆಗೆಯಿತು. "ಅವ್ವಾ, ಬಾ!" ಎಂಬ ಕೂಗು ಹೊಳೆಯ ಸದ್ದನ್ನೂ ಮೀರಿ ಬಂತು. ಮಗಳು ಪಕ್ಕದಲ್ಲೇ ಇದ್ದಾಳೆ ಎಂಬುದನ್ನು ಮರೆತು ಅವ್ವ, "ಓ, ಬಂದೆ ಕಂದಾ!" ಎಂದಳು.

ಮುಂದೆ ಏನಾಯಿತೆಂದು ಊಹಿಸಬಹುದು. ಊರು ಅವಳನ್ನು ಎತ್ತಿಕೊಂಡು ಹೋಗಿ ಗದ್ದುಗೆಯ ಮೇಲೆ ಕೂರಿಸಿತು. ಹೊಗಳುಭಟರು ಒಂದು ಗಳಿಗೆ ತಬ್ಬಿಬ್ಬಾದರು. ಬೇರೆ ವಂಶಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ, ಇದು ಮಗಳಿಂದ ತಾಯಿಗೆ ಏರಿತಲ್ಲ ಎಂದು. ಆಮೇಲೆ ಅದನ್ನೂ ಹಾಡಿದರು. ಮಗಳು ಜನರ ಹಿಂದಿನಿಂದ ನಡೆದು ಬಂದಳು. ಅವಳಿಗೆ ಯಾರೂ ದಾರಿ ಬಿಡಲಿಲ್ಲ, ಯಾರೂ ತಡೆಯಲೂ ಇಲ್ಲ, ಏಕೆಂದರೆ ಊರಿನ ಪಾಲಿಗೆ ಅವಳು ಇಲ್ಲ. ಹೋಗಿ ಗದ್ದುಗೆಯ ಕೆಳಗಿನ ಮೆಟ್ಟಿಲ ಮೇಲೆ ಕೂತಳು.

"ಅಪ್ಪಣೆಯಾಗಲಿ ತಾಯೀ" ಎಂದು ಅಜ್ಜಿ ಹೊಸ ಮಡಕೆ ಹಿಡಿದಳು.

"ಅಪ್ಪಣೆಯೇನು ಬಂತು, ಮೊದಲು ಉಸಿರು ತಗೊಳ್ಳೋಕೆ ಬಿಡ್ರಮ್ಮಾ" ಎಂದಳು ಅವ್ವ.

ಅಜ್ಜಿ ಅದನ್ನು ಮುಚ್ಚಿ, ಮಣ್ಣು ಮೆತ್ತಿ, ಹಗೇವಿಗೆ ಕಳಿಸಿ ಇನ್ನೊಂದು ಮಡಕೆ ತರಿಸಿದಳು. ಅವ್ವ ಅದನ್ನು ದಿಟ್ಟಿಸಿ ನೋಡಿದಳು. ಮಗಳು ಕಲಿಯಲು ಒಂದು ಬಾಲ್ಯ ತೆಗೆದುಕೊಂಡದ್ದನ್ನು ಅವಳು ಆ ಒಂದು ನೋಟದಲ್ಲಿ ಕಲಿತಳು. ಗದ್ದುಗೆಯಿಂದ ಬಗ್ಗಿ, ಮಗಳ ಕಿವಿಯ ಹತ್ತಿರ, ಅಪ್ಪಣೆಯಾಗದ ಹಾಗೆ ಕೇಳಿದಳು.

"ಅಷ್ಟೊಂದು ಮಾತಾಡಿದರಲ್ಲ ಅವರು. ನನಗೆ ಅಂತ ಏನಾದರೂ ಹೇಳಿದ್ದರಾ?"

ಮಗಳು ನೆನಪು ಮಾಡಿಕೊಂಡಳು. ತೊಲೆ, ಗೂಟ, ಸಿಟ್ಟು. ಮಣ್ಣು ಮೆತ್ತುತ್ತ ಕೇಳಿಸಿಕೊಂಡದ್ದೆಲ್ಲ ಬರೀ ಅದೇ. ಕೊನೆಗೆ ಒಂದು ಸಿಕ್ಕಿತು.

"ಹೇಳಿದ್ದ. ಅವಳು ಬಂದ ದಿನ ಬಿಸಿನೀರು ಕಾಯಿಸಿಡಿ, ಅವಳಿಗೆ ಮೊಣಕಾಲು ನೋವು, ಅಂತ."

ಅವ್ವ ನಕ್ಕಳು, ಕಣ್ಣಲ್ಲಿ ನೀರು ತುಂಬಿಕೊಂಡು. "ಅಯ್ಯೋ ಪುಣ್ಯಾತ್ಮ. ಅದು ನೀನು ಹೊಟ್ಟೆಯಲ್ಲಿದ್ದಾಗಿನ ನೋವು. ನೀನು ಹುಟ್ಟಿದ ಮೇಲೆ ಹೋಯಿತು. ಈಗ ಸೊಂಟ."

"ಸೊಂಟಕ್ಕೂ ಬಿಸಿನೀರೇ" ಎಂದು ಮಗಳು ಎದ್ದಳು. ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಸೇತುವೆಯ ಕೆಲಸದಲ್ಲಿ ಉಳಿದಿದ್ದ ಚಕ್ಕೆಗಳನ್ನು ಒಟ್ಟಿ, ಬೆಂಕಿ ಊದಿದಳು. ಅಜ್ಜಿ ಗಾಬರಿಯಿಂದ ಮಡಕೆ ಹಿಡಿದುಕೊಂಡೇ ಅವಳ ಹಿಂದೆ ಬಂದಳು. ಯಾರ ಬಾಯಿಗೆ ಹಿಡಿಯಬೇಕೆಂದು ತಿಳಿಯದೆ ಅದನ್ನು ಅತ್ತಿತ್ತ ತಿರುಗಿಸಿದಳು.

"ಇದು ಯಾರ ಅಪ್ಪಣೆ ಕೂಸೇ?"

"ಯಾರದೂ ಅಲ್ಲ ಅಜ್ಜೀ" ಎಂದಳು ಮಗಳು. "ಆ ಮಡಕೆ ಇತ್ತ ಕೊಡಿ, ನೀರಿಡುತ್ತೇನೆ."